ಮುನ್ನೂರ ನಲವತ್ತನೆಯ ಪೊರೆ

ತಿರುಪಣ್ಣ ಎಂದರೆ ಆ ಆರು ಮಹಡಿಯ ಕಟ್ಟಡದಲ್ಲಿ ಯಾರಿಗೆ ಗೊತ್ತಿಲ್ಲ? ಐದನೆಯ ಮಹಡಿಯ ಮೂಲೆ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವವನು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ಅವನ ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ಹೊರಗೆ ಬರುತ್ತದೆ. ಕಿವಿಯ ಹಿಂದೆ ಸದಾ ಒಂದು ಸ್ಕ್ರೂಡ್ರೈವರ್, ಜೇಬಿನಲ್ಲಿ ತಿರುಪುಗಳು. ಒಗೆಯುವ ಬಟ್ಟೆಯಿಂದ ಅವನ್ನು ಹೆಕ್ಕಿ ಹೆಕ್ಕಿ ಆ ಪುಣ್ಯಾತಗಿತ್ತಿಗೆ ಸಾಕುಸಾಕಾಗಿದೆ.

ಅವನದೊಂದು ಪದ್ಧತಿ ಇದೆ, ಅದನ್ನು ಮೊದಲು ಹೇಳಿಬಿಡಬೇಕು. ಕಂಪ್ಯೂಟರಿನ ಮಿದುಳಿನ ಮೇಲೆ, ಅಂದರೆ ಪ್ರೊಸೆಸರಿನ ಮೇಲೆ, ಅದನ್ನು ತಣ್ಣಗಿಡಲು ಒಂದು ಕೂಲರ್ ಕೂರಿಸುತ್ತಾರೆ. ಹೊಸ ಕೂಲರಿನ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಅಂಟಿರುತ್ತದೆ. ಅದನ್ನು ಕಿತ್ತು ಕೂರಿಸಬೇಕು. ಕೀಳದೆ ಕೂರಿಸಿದರೆ ಬಿಸಿ ಹೊರಗೆ ಹೋಗಲಾರದೆ ಯಂತ್ರ ಒಳಗೊಳಗೇ ಬೇಯುತ್ತದೆ. ತಿರುಪಣ್ಣ ಕಿತ್ತ ಪ್ರತಿ ಪೊರೆಯ ಮೇಲೂ ಅದು ಎಷ್ಟನೆಯ ಯಂತ್ರದ್ದೆಂದು ಬರೆದು ಬೀರುವಿನ ಬಾಗಿಲ ಒಳಮೈಗೆ ಅಂಟಿಸುತ್ತಾನೆ. ಹನ್ನೊಂದು ವರ್ಷದಿಂದ ಅಂಟಿಸಿದ್ದಾನೆ. ಹೊಸ ಗಿರಾಕಿ ಬಂದರೆ ಆ ಬಾಗಿಲು ತೆರೆದು ತೋರಿಸುವುದು, ಎದೆ ಎರಡು ಇಂಚು ಮುಂದೆ ಬರುವುದು, ಇದೆಲ್ಲ ಮಾಮೂಲು.

ಇನ್ನು ಲಿಫ್ಟಕ್ಕ. ಆ ಕಟ್ಟಡದ ಲಿಫ್ಟ್ ಮುದಿ ಲಿಫ್ಟ್, ಜಾಲರಿ ಬಾಗಿಲನ್ನು ಕೈಯಲ್ಲೇ ಎಳೆಯಬೇಕು. ಬೆಳಗಿನಿಂದ ಸಂಜೆಯವರೆಗೆ ಆ ನಾಲ್ಕಡಿ ಪೆಟ್ಟಿಗೆಯಲ್ಲಿ ಸ್ಟೂಲಿನ ಮೇಲೆ ಕೂತು ಜನರನ್ನು ಏರಿಸಿ ಇಳಿಸುವವಳು ಅವಳು. ವಯಸ್ಸು ನಲವತ್ತಾರು. ಅವಳಿಗಿದ್ದದ್ದು ಒಂದೇ ಆಸೆ. ಸಂಜೆ ಮನೆಗೆ ಹೋಗಿ, ಕಣ್ಣು ಹಾಯುವಷ್ಟು ದೂರ ಬಯಲಿರುವ ಕಂಪ್ಯೂಟರ್ ಆಟವೊಂದರಲ್ಲಿ ಕುದುರೆ ಹತ್ತಿ ಓಡಬೇಕು. ತಂಗಿಯ ಮನೆಯಲ್ಲಿ ಒಮ್ಮೆ ಓಡಿಸಿ ನೋಡಿದ್ದಳು, ಹುಚ್ಚು ಅಲ್ಲಿಂದ ಹತ್ತಿಕೊಂಡಿತು. "ಈ ವಯಸ್ಸಲ್ಲಿ ಕುದುರೆಯಂತೆ, ಕತ್ತೆ" ಎಂದು ಅವಳ ತಾಯಿ ಗೊಣಗಿದ್ದೂ ಉಂಟು.

ದುಡ್ಡು ಕಡಿಮೆ. ಯಂತ್ರ ಮಾತ್ರ ಹತ್ತು ವರ್ಷ ಬಾಳಬೇಕು. ಹಾಗಾಗಿ ಯೋಜನೆಯೇ ಹನ್ನೊಂದು ತಿಂಗಳು ನಡೆಯಿತು, ಅದೂ ತಿರುಪಣ್ಣನ ಜೊತೆ ಲಿಫ್ಟಿನಲ್ಲಿ. ಐದು ಮಹಡಿ ಏರುವಷ್ಟರಲ್ಲಿ ಒಂದು ಪ್ರಶ್ನೆ, ಒಂದು ಉತ್ತರ. ಕೆಳಗಿಳಿಯುವಾಗ ಇನ್ನೊಂದು. ಸ್ಟೂಲಿನ ಅಡಿಯಿಂದ ನೋಟ್‌ಬುಕ್ ತೆಗೆದು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು.

"ಎಲ್ಲಿ ಉಳಿಸಬಾರದು?" ಎಂದು ಒಂದು ದಿನ ಕೇಳಿದಳು.

"ಪವರ್ ಸಪ್ಲೈನಲ್ಲಿ ಅಕ್ಕ. ಅಲ್ಲಿ ಜುಗ್ಗತನ ಮಾಡಿದ್ರೆ ಅದು ಸಾಯೋವಾಗ ಪಕ್ಕದವರನ್ನೂ ಕರ್ಕೊಂಡು ಹೋಗುತ್ತೆ."

"ಮತ್ತೆ ಎಲ್ಲಿ ಉಳಿಸಬಹುದು?"

"ಡಬ್ಬದೊಳಗಿನ ಬಣ್ಣಬಣ್ಣದ ದೀಪದಲ್ಲಿ. ಕುದುರೆಗೆ ದೀಪ ಬೇಕಾಗಿಲ್ಲ."

ಮದರ್‌ಬೋರ್ಡ್ ಮಾತ್ರ ನಾಳೆ ಬರುವ ಪ್ರೊಸೆಸರನ್ನೂ ಒಪ್ಪುವಂಥದ್ದಿರಲಿ, ಮೆಮೊರಿಗೆ ನಾಲ್ಕು ಜಾಗವಿದ್ದರೆ ಈಗ ಎರಡನ್ನೇ ತುಂಬಿಸೋಣ, ಗ್ರಾಫಿಕ್ಸ್ ಕಾರ್ಡ್ ನಡುಮಟ್ಟದ್ದು ಸಾಕು, ಮೂರು ವರ್ಷ ಬಿಟ್ಟು ಬದಲಾಯಿಸಿದರಾಯಿತು. ಇವತ್ತು ಕೈಯಲ್ಲಿ ಆಗದ್ದಕ್ಕೆ ಒಳಗೆ ಜಾಗವನ್ನಾದರೂ ಬಿಟ್ಟಿರಬೇಕು ಎಂಬುದು ಅವನ ಸೂತ್ರ. ಅಂಥ ಅಚ್ಚುಕಟ್ಟಾದ ಯೋಜನೆಯನ್ನು ಅವನು ಯಾವ ಶ್ರೀಮಂತ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ.

ಜೋಡಿಸುವ ದಿನ ಶನಿವಾರ. ಲಿಫ್ಟಕ್ಕ ರಜೆ ಹಾಕಿ, ತಾಯಿಯನ್ನೂ ಕರೆದುಕೊಂಡು ಬಂದಳು. ಮುದುಕಿ ಕುರ್ಚಿ ಎಳೆದುಕೊಂಡು ಮೇಜಿನ ಪಕ್ಕದಲ್ಲೇ ಕೂತು ಒಂದೊಂದು ಸಾಮಾನಿಗೂ ಒಂದೊಂದು ಕೊಂಕು ತೆಗೆದಳು. "ಇದೇನು, ಬಿಸ್ಕತ್ತಿನಷ್ಟಿದೆ. ಇದು ಹತ್ತು ವರ್ಷ ಬಾಳುತ್ತಾ?"

ತಿರುಪಣ್ಣನಿಗೆ ಹುಮ್ಮಸ್ಸು ಬಂತು. ಕೂಲರನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ಮುದುಕಿಯ ಮುಂದೆ ಬಿಡಿಸಿ ತೋರಿಸಿದ. "ಅಜ್ಜಿ, ಬಾಳಿಕೆ ಸಾಮಾನಲ್ಲಿಲ್ಲ. ಈ ಕೈಯಲ್ಲಿದೆ. ಈ ಕೈ ಇವತ್ತಿನವರೆಗೂ ತಪ್ಪಿಲ್ಲ." ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅಂಗಡಿಯ ಯಜಮಾನರಾದ ಸಾಹುಕಾರರೂ ತಲೆಯಾಡಿಸಿದರು. ಆ ಖುಷಿಯಲ್ಲೇ ಕೂಲರ್ ಕೂರಿಸಿದ, ತಿರುಪು ಬಿಗಿದ. ಅರ್ಧ ಗಂಟೆ ಓಡಿಸಿ ಬಿಸಿ ಎಷ್ಟಿದೆಯೆಂದು ಪರೀಕ್ಷಿಸುವುದು ಅವನ ರೂಢಿ. ಅಂದು ಪರದೆ ಬೆಳಗಿದ್ದನ್ನು ನೋಡಿ, ಮುಗೀತು ತಗೊಂಡು ಹೋಗಿ ಎಂದುಬಿಟ್ಟ.

ಬುಧವಾರ ಮತ್ತೊಂದು ಯಂತ್ರ ಜೋಡಿಸಿ, ಮುನ್ನೂರ ನಲವತ್ತೊಂದು ಎಂದು ಬರೆದ ಪೊರೆ ಹಿಡಿದು ಬೀರುವಿನ ಬಾಗಿಲು ತೆಗೆದ. ಕೊನೆಯಲ್ಲಿದ್ದದ್ದು ಮುನ್ನೂರ ಮೂವತ್ತೊಂಬತ್ತು. ಲಿಫ್ಟಕ್ಕನ ಯಂತ್ರದ್ದು, ಮುನ್ನೂರ ನಲವತ್ತು, ಇಲ್ಲ. ಮೇಜಿನ ಕೆಳಗೆ ನೋಡಿದ, ಕಸದ ಬುಟ್ಟಿ ಬೋರಲು ಹಾಕಿದ, ಡ್ರಾಯರುಗಳನ್ನೆಲ್ಲ ಜಾಲಾಡಿದ. ಎಲ್ಲೋ ಬಿದ್ದುಹೋಗಿರಬೇಕು, ಕಸದವನು ಗುಡಿಸಿಕೊಂಡು ಹೋಗಿರಬೇಕು ಎಂದುಕೊಂಡ. ಒಂದು ಪೊರೆಯ ಜಾಗ ಖಾಲಿ ಬಿಟ್ಟು ಹೊಸದನ್ನು ಅಂಟಿಸಿದ.

ಆ ಸಂಜೆ ಲಿಫ್ಟಿನಲ್ಲಿ ಲಿಫ್ಟಕ್ಕ ಕೇಳಿದಳು. "ಆಟ ಶುರುವಾಗಿ ಹತ್ತು ನಿಮಿಷಕ್ಕೆ ಫ್ಯಾನು ಕೂಗೋಕೆ ಶುರು ಮಾಡುತ್ತೆ ಕಣೋ. ಆಮೇಲೆ ಕುದುರೆ ತಡವರಿಸುತ್ತೆ. ಅದು ಹಾಗೇನಾ?"

ನೋಡಿ, ಅಷ್ಟು ಹೊತ್ತಿಗೆ ಅವನಿಗೆ ಗೊತ್ತಾಗಿಹೋಗಿತ್ತು. ಪೊರೆ ಕಸದಲ್ಲಿ ಹೋಗಿಲ್ಲ, ಕೂಲರಿನ ತಳದಲ್ಲೇ ಇದೆ. ನಾಳೆ ತಗೊಂಡು ಬನ್ನಿ ಅಕ್ಕ ಎಂದಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ತಂದರೆ ಎಲ್ಲರ ಮುಂದೆ ಬಿಚ್ಚಬೇಕು. ಮುದುಕಿಯೂ ಬರುತ್ತಾಳೆ. ಈ ಕೈ ತಪ್ಪಿಲ್ಲ ಎಂದು ಬಿಡಿಸಿ ತೋರಿಸಿದ ಕೈಯನ್ನು ಎಲ್ಲಿ ಬಚ್ಚಿಡುವುದು?

"ಹಾಗೇ ಅಕ್ಕ," ಎಂದ. "ದೊಡ್ಡ ಆಟ ಅಲ್ವಾ. ಹೊಸದರಲ್ಲಿ ಹಾಗೇ ಇರುತ್ತೆ."

ಲಿಫ್ಟಕ್ಕ ಹೂಂ ಎಂದಳು. ನೋಟ್‌ಬುಕ್ ತೆಗೆದು ಅದನ್ನೂ ಬರೆದುಕೊಂಡಳು.

ಮಾರನೆಯ ದಿನದಿಂದ ತಿರುಪಣ್ಣ ಮೆಟ್ಟಿಲು ಹತ್ತತೊಡಗಿದ. ಒಂದು ಸಲಕ್ಕೆ ನೂರ ಹತ್ತು ಮೆಟ್ಟಿಲು. ಆರೋಗ್ಯಕ್ಕೆ ಒಳ್ಳೆಯದು ಎಂದು ಸಾಹುಕಾರರು ಬೆನ್ನು ತಟ್ಟಿ ಉಳಿದವರಿಗೂ ಬುದ್ಧಿ ಹೇಳಿದರು. ಹೆಂಡತಿ ಮೊಣಕಾಲಿಗೆ ಮುಲಾಮು ತಿಕ್ಕುತ್ತಾ, "ಲಿಫ್ಟ್ ಕೆಟ್ಟಿದೆಯಾ?" ಎಂದು ಕೇಳಿದಳು. ಇಲ್ಲ ಎಂದ. "ಮತ್ತೆ ನಿನಗೇನು ಕೆಟ್ಟಿದೆ?" ಎಂದಳು. ಪಕ್ಕದ ಅಂಗಡಿಯವನು ಒಮ್ಮೆ ಸುಮ್ಮನೆ, "ಲಿಫ್ಟಕ್ಕನ ಜೊತೆ ಜಗಳನಾ?" ಎಂದದ್ದಕ್ಕೆ, ನಾನೇನು ಮಾಡಿದೀನಿ, ಯಾರು ಹೇಳಿದ್ದು ನಿಂಗೆ ಎಂದು ಅವನ ಮೇಲೆ ಹರಿಹಾಯ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ.

ಬೇರೆಯವರ ಯಂತ್ರ ಜೋಡಿಸುವಾಗಲೂ ಮನಸ್ಸು ಅವಳದರ ಒಳಗೇ ಇರುತ್ತಿತ್ತು. ಇವತ್ತು ಎಷ್ಟು ಬೆಂದಿರಬಹುದು? ಹತ್ತು ವರ್ಷದಲ್ಲಿ ಎಷ್ಟು ವರ್ಷ ನಾನೇ ತಿಂದೆ? ನಾಲ್ಕಡಿ ಪೆಟ್ಟಿಗೆಯಿಂದ ಬಿಡಿಸಿಕೊಂಡು ಹೋದವಳು ಬಯಲಿನ ನಡುವೆ ತಡವರಿಸುವ ಕುದುರೆಯ ಮೇಲೆ ಕೂತಿರುವುದು ಕಣ್ಣಿಗೆ ಬರುತ್ತಿತ್ತು. ಹೀಗೆ ನಾಲ್ಕು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಟ್ಯಾಕ್ಸಿ ಓಡಿಸುವವನೊಬ್ಬ ಅಂಗಡಿಗೆ ಬಂದ. ಮಗಳಿಗೆ ಬಹಳ ಕಾಲ ಬಾಳುವ ಕಂಪ್ಯೂಟರ್ ಬೇಕಂತೆ, ದುಡ್ಡು ಅಷ್ಟಕ್ಕಷ್ಟೇ ಅಂತೆ. "ಲಿಫ್ಟಿನ ಅಮ್ಮ ಹೇಳಿದ್ರು. ತಿರುಪಣ್ಣನ ಹತ್ರಾನೇ ಮಾಡಿಸು, ಅವನ ಕೈ ಒಳ್ಳೇದು ಅಂತ."

ತಿರುಪಣ್ಣ ಅವನನ್ನು ಕೂರಿಸಿ, ಒಂದು ನಿಮಿಷ ಬಂದೆ ಎಂದು ಎದ್ದವನೇ ಹೋಗಿ ಲಿಫ್ಟಿನ ಗುಂಡಿ ಒತ್ತಿದ. ಲಿಫ್ಟ್ ಬಂತು, ಒಳಗೆ ಅವಳೊಬ್ಬಳೇ ಇದ್ದಳು. ಯಾವ ಮಹಡಿ ಎಂದು ಕೇಳದೆ ಬಾಗಿಲೆಳೆದು ಕೆಳಗೆ ಬಿಟ್ಟಳು.

"ಅಕ್ಕ, ನಿಮ್ಮ ಕಂಪ್ಯೂಟರಲ್ಲಿ ಒಂದು ತಪ್ಪು ಮಾಡಿದೀನಿ. ಕೂಲರ್ ಕೆಳಗೆ ಪೊರೆ ಹಾಗೇ ಬಿಟ್ಟಿದೀನಿ."

ಅವಳು ಸ್ಟೂಲಿನ ಅಡಿಯಿಂದ ನೋಟ್‌ಬುಕ್ ತೆಗೆದು ಒಂದು ಪುಟ ಬಿಡಿಸಿ ಹಿಡಿದಳು. ಮೇಲೆ 'ಕೂಲರ್' ಎಂದು ಬರೆದಿತ್ತು. ಅದರ ಕೆಳಗೆ ಟೇಪಿನಲ್ಲಿ ಅಂಟಿಸಿದ ಪೊರೆ, ಬಿಸಿಗೆ ಸುಕ್ಕಾಗಿತ್ತು. ಪಕ್ಕದಲ್ಲಿ ತಾರೀಕು. ಅವನು 'ಹಾಗೇ ಅಕ್ಕ' ಎಂದ ಬುಧವಾರ ಕಳೆದು ಬಂದ ಭಾನುವಾರದ್ದು.

"ಅಮ್ಮ ಟಾರ್ಚ್ ಹಿಡ್ಕೊಂಡ್ಲು, ನಾನು ಬಿಚ್ಚಿದೆ. ಹನ್ನೊಂದು ತಿಂಗಳು ನೀನೇ ಪಾಠ ಹೇಳಿದ್ದು, ಅಷ್ಟೂ ಬರಲ್ವಾ?"

ತಿರುಪಣ್ಣ ಪೊರೆಯ ಸುಕ್ಕನ್ನು ಬೆರಳಿನಿಂದ ಮುಟ್ಟಿ ನೋಡಿದ. "ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಅಂಗಡಿಗೆ ಬಂದು ಹೇಳಿದ್ರೆ ಸಾಹುಕಾರರ ಮುಂದೆ ನಿನ್ನ ಮರ್ಯಾದೆ ಹೋಗ್ತಿತ್ತು. ಲಿಫ್ಟಲ್ಲಿ ಹೇಳೋಣ ಅಂದ್ರೆ ನೀನು ಬರಲೇ ಇಲ್ಲ."

ಲಿಫ್ಟ್ ನೆಲ ಮುಟ್ಟಿತು. ಅವಳು ಬಾಗಿಲು ತೆಗೆಯಲಿಲ್ಲ. "ಮರೆಯೋದು ಬಿಡು, ನಾನೂ ಮಹಡಿ ಮರೀತೀನಿ. ಒಂದು ಕೇಳ್ತೀನಿ. ಅವತ್ತು 'ಹಾಗೇ' ಅಂದ್ಯಲ್ಲ, ಗೊತ್ತಿಲ್ದೆ ಅಂದ್ಯಾ, ಗೊತ್ತಿದ್ದೂ ಅಂದ್ಯಾ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಲೂ ಇದ್ದಳೇನೋ. "ಗೊತ್ತಿತ್ತು ಅಕ್ಕ," ಎಂದ.

ಅವಳು ಗುಂಡಿ ಒತ್ತಿದಳು. ಲಿಫ್ಟ್ ಮತ್ತೆ ಏರಿತು. ಮೂರನೆಯ ಮಹಡಿ ದಾಟುವಾಗ ಅವನು ತಡೆಯಲಾರದೆ ಕೇಳಿದ. "ಆದ್ರೂ ಆ ಟ್ಯಾಕ್ಸಿಯವರನ್ನ ನನ್ನ ಹತ್ರ ಕಳಿಸಿದ್ರಲ್ಲ?"

"ಕೈ ಒಳ್ಳೇದು ಅಂತ ಹೇಳಿ ಕಳಿಸಿದೆ. ಅದು ನಿಜ ತಾನೆ? ಬಾಯಿ ವಿಷಯ ಆಯಪ್ಪ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಐದನೆಯ ಮಹಡಿ ಬಂತು. ಆ ಪೊರೆ ಕೊಡಿ ಅಕ್ಕ, ಬಾಗಿಲಿಗೆ ಅಂಟಿಸ್ತೀನಿ ಎಂದು ಅವನು ಕೈ ಚಾಚಿದ. ಲಿಫ್ಟಕ್ಕ ನೋಟ್‌ಬುಕ್ ಮುಚ್ಚಿ ಸ್ಟೂಲಿನಡಿ ಇಟ್ಟಳು. "ಇದು ನನ್ನ ಹತ್ರಾನೇ ಇರ್ಲಿ," ಎಂದಳು.

ಬೀರುವಿನ ಬಾಗಿಲಲ್ಲಿ ಆ ಜಾಗ ಇವತ್ತಿಗೂ ಖಾಲಿ ಇದೆ. ಹೊಸ ಗಿರಾಕಿಗಳಿಗೆ ಅವನು ಈಗ ಬಾಗಿಲು ತೆಗೆದು ತೋರಿಸುವುದಿಲ್ಲ. ಟ್ಯಾಕ್ಸಿಯವನ ಯಂತ್ರವನ್ನು ಅರ್ಧ ಗಂಟೆಯಲ್ಲ, ಇಡೀ ಒಂದು ದಿನ ಓಡಿಸಿ ನೋಡಿ ಕೊಟ್ಟ. ದಿನವೂ ಲಿಫ್ಟಿನಲ್ಲೇ ಹೋಗುತ್ತಾನೆ, ಬರುತ್ತಾನೆ. ಲಿಫ್ಟಕ್ಕ ಬಾಗಿಲು ಎಳೆಯುತ್ತಾಳೆ, ಮಳೆ ಬಿಸಿಲಿನ ಮಾತಾಡುತ್ತಾಳೆ, ಮುಖ ಸಿಂಡರಿಸಿದ್ದೂ ಇಲ್ಲ. ಆದರೆ ಐದು ಮಹಡಿಯಲ್ಲಿ ಅವನಿಗೆ ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ.

ಕೇಳುವವನು ಈಗ ಅವನೇ.

"ಕುದುರೆ ಹೇಗಿದೆ ಅಕ್ಕ?"

"ಓಡ್ತಿದೆ," ಎನ್ನುತ್ತಾಳೆ ಅವಳು, ಮಹಡಿಯ ಅಂಕಿಗಳನ್ನು ನೋಡುತ್ತಾ.