ಅಲ್ಲಾಡುವ ತಟ್ಟೆ

ಸ್ಟೀಲ್ ತಟ್ಟೆಗಳು ಅಂಗಡಿಯಲ್ಲಿ ನೋಡುವಾಗ ಎಲ್ಲವೂ ಅಕ್ಕತಂಗಿಯರಂತೆ ಒಂದೇ ರೂಪ. ಮನೆಗೆ ತಂದು ನೆಲಕ್ಕಿಟ್ಟು ಉಣ್ಣತೊಡಗಿದ ಮೇಲೆಯೇ ಒಂದೊಂದರ ಗುಣ ಗೊತ್ತಾಗುವುದು. ಕೆಲವು ಇಟ್ಟಲ್ಲಿ ತೆಪ್ಪಗೆ ಕೂರುತ್ತವೆ. ನನ್ನದು ಕೂರುವುದಿಲ್ಲ. ತಳ ಸೊಟ್ಟಗಾಗಿರುವುದರಿಂದ ಮುದ್ದೆ ಮುರಿದಾಗಲೆಲ್ಲ ಟಕಟಕ ಎಂದು ಅಲ್ಲಾಡುತ್ತದೆ, ಎಡಗೈ ಹೆಬ್ಬೆರಳಿನಲ್ಲಿ ಅಂಚನ್ನು ಅದುಮಿಕೊಂಡೇ ನಾನು ಬಹಳ ಕಾಲ ಉಂಡಿದ್ದೇನೆ. ಸೊಟ್ಟಗಾದ ಕಥೆಯೂ ದೊಡ್ಡದೇನಲ್ಲ. ರಾಗಿ ಹೊಲಕ್ಕೆ ನುಗ್ಗಿದ ಕಾಡುಹಂದಿಗೆ ಕೈಗೆ ಸಿಕ್ಕಿದ್ದನ್ನು ಬೀಸಿ ಎಸೆದೆ. ಸಿಕ್ಕಿದ್ದು ಉಣ್ಣುತ್ತಿದ್ದ ತಟ್ಟೆ. ಹಂದಿ ತನ್ನ ಪಾಡಿಗೆ ತಾನು ಮೇಯ್ದುಕೊಂಡು ಹೋಯಿತು, ಪೆಟ್ಟು ಬಿದ್ದದ್ದು ತಟ್ಟೆಗೆ, ಉಪವಾಸ ಬಿದ್ದದ್ದು ನನಗೆ.

ಆ ತಟ್ಟೆಯ ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರಿದೆ: ಮಾದಮ್ಮ. ಮದುವೆ ಮನೆಗಳಲ್ಲಿ ಪಾತ್ರೆ ಅದಲುಬದಲಾಗಬಾರದೆಂದು ಕೊಳ್ಳೇಗಾಲದ ಪಾತ್ರೆ ಅಂಗಡಿಯಲ್ಲಿ ಕೆತ್ತಿಸಿದ್ದು. ಕೆತ್ತುವವನಿಗಾದರೂ ಬುದ್ಧಿ ಬೇಡವೇ, ಕೆತ್ತಿಸುವವಳಿಗಾದರೂ ಬೇಡವೇ? ಬೆಟ್ಟದ ಮಾದಪ್ಪನ ಒಕ್ಕಲೇ ತುಂಬಿರುವ ನಮ್ಮ ಸೀಮೆಯಲ್ಲಿ ಬೀದಿಗೆ ನಿಂತು ‘ಮಾದಮ್ಮ’ ಎಂದು ಕೂಗಿದರೆ ಎಷ್ಟು ಬಾಗಿಲು ತೆರೆಯುತ್ತವೋ ಹೇಳಲಾಗದು. ಈ ಹೆಸರು ಬರೆಸಿ ಗುರುತು ಮಾಡಿಕೊಂಡೆನೆಂದು ಬೀಗುವುದು, ಕಳೆದುಹೋದ ಕುರಿಗೆ ಮೈತುಂಬ ಉಣ್ಣೆಯಿತ್ತೆಂದು ಗುರುತು ಹೇಳಿದಂತೆಯೇ ಸರಿ.

ಇರಲಿ. ನಾನು ಹೇಳಹೊರಟದ್ದು ಶಿಬಿರದ ವಿಷಯ.

ಹತ್ತನೇ ತರಗತಿಯಲ್ಲಿದ್ದ ನನ್ನ ಮೊಮ್ಮಗಳು ಪಲ್ಲವಿಯ ಸ್ಕೂಲಿನಿಂದ, ಯಳಂದೂರಿನ ಆಚೆ ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಬೇರೆ ಬೇರೆ ಊರಿನ ಮಕ್ಕಳಿಗೆ ‘ವ್ಯಕ್ತಿತ್ವ ವಿಕಸನ ಶಿಬಿರ’ ಮಾಡುತ್ತಾರೆಂದು ಸುದ್ದಿ ಬಂತು. ನಾನು ಓದಿದ್ದು ಮೂರನೇ ಕ್ಲಾಸು, ವಿಕಸನವೆಂದರೇನೆಂದು ಕೇಳಿದೆ. ಅರಳುವುದು ಎಂದಳು ಸೊಸೆ. ನಮ್ಮ ಮನೆಯಲ್ಲಿ ಬಾಣಲೆಗೆ ಹಾಕಿದ ಜೋಳ ಬಿಟ್ಟರೆ ಬೇರೇನೂ ಅರಳಿದ್ದನ್ನು ನಾನು ಕಂಡಿರಲಿಲ್ಲ. ಅದರ ಮೇಲೆ ಇನ್ನೊಂದು ತಮಾಷೆ: ನಮ್ಮೂರಿರುವುದು ಲೊಕ್ಕನಹಳ್ಳಿಯ ಪಕ್ಕ, ಕಾಡಿನ ಮಡಿಲಲ್ಲಿ. ಆನೆ ಬಂದು ಹಿತ್ತಲ ಬಾಳೆ ಕಿತ್ತು ತಿನ್ನುವ ಊರಿನ ಹುಡುಗಿಯನ್ನು ಬಸ್ಸು ಹತ್ತಿಸಿ, ಸುತ್ತಿಸಿ, ಅದೇ ಕಾಡಿನ ಇನ್ನೊಂದು ಮಗ್ಗುಲಿಗೆ ಕಾಡು ತೋರಿಸಲು ಕಳಿಸುವುದೆಂದರೆ!

“ಕಾಡ್ ನೋಡಕ್ಕೆ ಅಲ್ಲಿಗ್ಯಾಕಮ್ಮಿ ಓಗ್ಬೇಕು? ಇಲ್ಲೇ ಬಾಗ್ಲು ತಗುದ್ರೆ ಆಯ್ತಲ್ಲ,” ಎಂದೆ.

“ಕಾಡ್ ನೋಡಕ್ಕಲ್ಲ ಕಣತ್ತೆ,” ಎಂದಳು ಸೊಸೆ, ದನಿ ಇಳಿಸಿ. “ಜನ ನೋಡಕ್ಕೆ.”

ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ಪಲ್ಲವಿ ಜನ ಕಂಡರೆ ಬಾಗಿಲ ಹಿಂದೆ ನಿಲ್ಲುವ ಹುಡುಗಿ. ಓದಿನಲ್ಲಿ ಚುರುಕು, ಮಾತಿನಲ್ಲಿ ಕಲ್ಲುಗುಂಡು. ನೆಂಟರು ಬಂದರೆ ಅಟ್ಟ ಸೇರುವಳು. ಅಂಗಡಿಗೆ ಹೋಗಿ ಉಪ್ಪು ತಾ ಎಂದರೆ ಉಪ್ಪಿಲ್ಲದೆಯೇ ಉಂಡೇನು ಎನ್ನುವಳು. ಹತ್ತನೇ ತರಗತಿ ಮುಗಿದ ಮೇಲೆ ಓದು ಮುಂದುವರಿಯಬೇಕಾದರೆ ಕೊಳ್ಳೇಗಾಲದ ಹಾಸ್ಟೆಲಿನಲ್ಲೇ ಇರಬೇಕು. ಕಾಲೇಜು ಬಿಡುವ ಹೊತ್ತಿಗೂ ನಮ್ಮೂರ ಬಸ್ಸಿನ ಹೊತ್ತಿಗೂ ಆಗಿಬರುವುದಿಲ್ಲ, ಕತ್ತಲಾದರೆ ದಾರಿ ನಮ್ಮದಲ್ಲ, ಆನೆಯದು. ಆದರೆ ಹಾಸ್ಟೆಲ್ ಎಂಬ ಮಾತೆತ್ತಿದರೆ ಸಾಕು, ಇವಳು ಉಣ್ಣುವುದನ್ನೇ ಬಿಡುತ್ತಿದ್ದಳು. “ನಾನು ಓದಲ್ಲ. ಮನೇಲೇ ಇರ್ತೀನಿ,” ಎಂಬ ಒಂದೇ ಮಾತು. ಮನೆಯಲ್ಲೇ ಇರುವ ಹುಡುಗಿಯನ್ನು ಊರು ಎಷ್ಟು ದಿನ ಸುಮ್ಮನೆ ಬಿಡುತ್ತದೆ? ಆಗಲೇ ಒಬ್ಬ ದೂರದ ನೆಂಟ ಗಂಡಿನ ಮಾತು ತೆಗೆದು ಹೋಗಿದ್ದ. ಸೊಸೆಗೆ ಇದ್ದ ಭಯ ಅದು. ನನಗೂ ಇತ್ತು, ನಾನು ಹೇಳಿಕೊಳ್ಳಲಿಲ್ಲ ಅಷ್ಟೆ.

ಶಿಬಿರಕ್ಕೆ ಬರುವವರು ತಟ್ಟೆ, ಲೋಟ, ಹೊದಿಕೆ ತರಬೇಕೆಂದಿದ್ದರು. ಹೊಸ ತಟ್ಟೆ ಕಳೆದುಕೊಂಡು ಬಂದಾಳೆಂದು ನನ್ನ ಸೊಟ್ಟ ತಟ್ಟೆಯನ್ನೇ ಚೀಲಕ್ಕೆ ತುರುಕಿದೆ. ಅವಳು ಅಳುತ್ತಲೇ ಹೋದಳು. ನಾನು ಬೀಳ್ಕೊಡಲು ಹೋಗಲಿಲ್ಲ. ಅಳುವವರ ಮುಂದೆ ನಿಂತರೆ ಅಳು ಹೆಚ್ಚುತ್ತದೆ.

ಶಿಬಿರ ಮುಗಿಸಿ ಬಂದವಳು ಕಂದಿದ್ದಳು, ಮೊಣಕಾಲು ತರಚಿತ್ತು, ಗಂಟಲು ಕಟ್ಟಿತ್ತು. ಗಂಟಲು ಯಾಕೆ ಕಟ್ಟಿತೆಂದು ಆಗ ನನಗೆ ಹೊಳೆಯಲಿಲ್ಲ. ಚಳಿಗೆ ನೆಗಡಿಯಾಗಿರಬೇಕೆಂದು ಕಷಾಯ ಕಾಯಿಸಿ ಕುಡಿಸಿದೆ. ಊಟಕ್ಕೆ ಕೂತೆ. ಮುದ್ದೆ ಮುರಿದೆ. ತಟ್ಟೆ ಅಲ್ಲಾಡಲಿಲ್ಲ.

“ಇದು ನನ್ ತಟ್ಟೆ ಅಲ್ಲ,” ಎಂದೆ.

“ಹೆಸ್ರು ನೋಡತ್ತೆ, ನಿಂದೇ ಅದೆ,” ಎಂದಳು ಸೊಸೆ.

ಹೆಸರೇನೋ ಇತ್ತು, ಚುಕ್ಕಿ ಚುಕ್ಕಿಯಾಗಿ. ಆದರೆ ತಟ್ಟೆ ಮಾತಾಡುತ್ತಿರಲಿಲ್ಲವಲ್ಲ! ಪಲ್ಲವಿಯನ್ನು ಕರೆದು ಕೇಳಿದಾಗ ಗೊತ್ತಾಯಿತು. ಅಲ್ಲಿ ಮಕ್ಕಳನ್ನು ಜೋಡಿ ಜೋಡಿ ಮಾಡಿ, ಒಂದು ಹೊತ್ತು ಇವಳು ಇಬ್ಬರ ತಟ್ಟೆ ತೊಳೆದರೆ ಇನ್ನೊಂದು ಹೊತ್ತು ಅವಳು ತೊಳೆಯಬೇಕೆಂದು ಕಟ್ಟುಮಾಡಿದ್ದರಂತೆ. ಇವಳ ಜೋಡಿ ಕುಂತೂರಿನ ಸುಮಾ, ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಡ್ರೈವರನ ಮಗಳು. ಅವಳೂ ಅಜ್ಜಿಯ ತಟ್ಟೆಯನ್ನೇ ತಂದಿದ್ದಳು. ಆ ಅಜ್ಜಿಯೂ ಮಾದಮ್ಮನೇ.

“ಓಗಿ ಕೊಟ್ಬುಟ್ಟು ನಮ್ದು ಇಸ್ಕಬರವ,” ಎಂದೆ.

“ನಾನೂ ಬತ್ತೀನಿ,” ಎಂದಳು ಪಲ್ಲವಿ.

ಬೀದಿ ಕೊನೆಯ ಅಂಗಡಿಗೆ ಹೋಗದವಳು ಕುಂತೂರಿಗೆ ಹೊರಟಳು. ಸೊಸೆ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡುತ್ತಿದ್ದೆ.

ನಮ್ಮಲ್ಲಿ ಒಬ್ಬರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಸಾರು ತಂದ ಬಟ್ಟಲಿಗೆ ಒಂದು ಹಿಡಿ ಕಾಳಾದರೂ ಹಾಕಿಯೇ ಕೊಡಬೇಕು. ಇಲ್ಲದವರು ಎರಡು ಹಸಿಮೆಣಸಿನಕಾಯಿಯಾದರೂ ಇಡುತ್ತಾರೆ. ಹಾಗಾಗಿ ಆ ತಟ್ಟೆಯ ತುಂಬ ಹುಚ್ಚೆಳ್ಳು ಚಟ್ನಿಪುಡಿ ಸುರಿದು, ಬಟ್ಟೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಾಮಗೆರೆ ದಾಟಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ಕಬ್ಬಿನ ಟ್ರ್ಯಾಕ್ಟರುಗಳ ಬಾಲ ಹಿಡಿದು ಕುಂತೂರು ಸೇರಿದೆವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸುಮಾ ಬೀದಿಗೇ ಓಡಿ ಬಂದಳು. ಆಮೇಲೆ ಆ ಇಬ್ಬರು ಹುಡುಗಿಯರೂ ಹಿತ್ತಲು ಸೇರಿದರು. ಅಲ್ಲಿಂದ ಕೇಳಿಬಂದ ಗದ್ದಲದಲ್ಲಿ ಅರ್ಧ ನಮ್ಮ ಪಲ್ಲವಿಯದೆಂದು ನಂಬಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಗಂಟಲು ಕಟ್ಟಿದ್ದು ನೆಗಡಿಗಲ್ಲ.

ಕುಂತೂರಿನ ಮಾದಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಓಹೋ, ಟಕಟಕ ತಟ್ಟೆ ಮಾದಮ್ಮ ನೀನೇಯಾ?” ಎಂದಳು. “ಅದ್ಯಾವ್ ಭೂತ ತಟ್ಟೆನವ್ವ ಅದು? ನನ್ ಸಾರೆಲ್ಲ ಸೀರೆ ಪಾಲಾಯ್ತು.”

“ನಿನ್ ತಟ್ಟೆ ಮಾತ್ರ ಎಂಗೆ? ಹೆಣ ಕೂತಂಗೆ ಕೂತ್ಕತದೆ,” ಎಂದೆ.

ಅಲ್ಲಿಗೆ ಪರಿಚಯವಾಯಿತು. ಮಂಡಿನೋವು, ಸೊಸೆಯರು, ಕಬ್ಬಿಗೆ ಬೀಳುವ ಹಂದಿ, ರಾಗಿಗೆ ಬೀಳುವ ಹಂದಿ, ಎರಡರಲ್ಲಿ ಯಾವುದು ಕೊಬ್ಬಿದ್ದು ಎಂದು ಜಗಳ. ಅವಳು ಚಟ್ನಿಪುಡಿಯನ್ನು ಡಬ್ಬಿಗೆ ಸುರಿದುಕೊಂಡಳು; ಬರಿದಾದ ತಟ್ಟೆಗೆ ಅಚ್ಚು ಬೆಲ್ಲ ತುಂಬಿ, ಬಟ್ಟೆ ಕಟ್ಟಿ ಕೊಟ್ಟಳು. ನಾನು ಇಸಿದುಕೊಂಡು, ಬರುತ್ತೇನೆಂದು ಹೇಳಿ, ಬಸ್ಸು ಹತ್ತಿದೆ.

ಕಾಮಗೆರೆ ಬಂದಾಗ ನನಗೆ ಬುದ್ಧಿ ಬಂತು. ಮಡಿಲಲ್ಲಿದ್ದ ಗಂಟು ಬಿಚ್ಚಿ, ಬೆಲ್ಲ ಸರಿಸಿ, ತಟ್ಟೆಯನ್ನು ಸೀಟಿನ ಮೇಲಿಟ್ಟು ಅದುಮಿ ನೋಡಿದೆ. ಅಲ್ಲಾಡಲಿಲ್ಲ. ಬಂದ ಪಾತ್ರೆಯನ್ನು ತುಂಬಿ ವಾಪಸು ಕೊಡುವ ರೂಢಿ ಅವಳ ಕೈಗೆ, ತುಂಬಿ ಕೊಟ್ಟದ್ದನ್ನು ಇಸಿದುಕೊಳ್ಳುವ ರೂಢಿ ನನ್ನ ಕೈಗೆ. ತಲೆಯನ್ನು ಇಬ್ಬರೂ ಕೇಳಿರಲಿಲ್ಲ. ಅವಳ ತಟ್ಟೆಯನ್ನು ಅವಳಿಗೆ ಕೊಡಲು ಅಷ್ಟು ದೂರ ಹೊತ್ತುಕೊಂಡು ಹೋಗಿ, ಅದನ್ನೇ ಹೊತ್ತುಕೊಂಡು ಬಂದಿದ್ದೆ!

ಪಕ್ಕದಲ್ಲಿ ಪಲ್ಲವಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಭುಜ ಕುಲುಕುತ್ತಿತ್ತು.

“ನೋಡ್ದೇನಮ್ಮಿ ನೀನು, ಅವ್ಳು ಕೊಡಾಗ?”

“ನೋಡ್ದೆ.”

“ಬಾಯಿ ಬಿದ್ದೋಗಿತ್ತಾ?”

“ಸುಮಾ ಕಣ್ ಹೊಡುದ್ಲು. ಸುಮ್ನಾದೆ.” ಆಮೇಲೆ, ಕಿಟಕಿಗೇ ಹೇಳುವಂತೆ, “ಇನ್ನೊಂದ್ ಸಲ ಓಗ್ಬೇಕಲ್ಲ ಅಜ್ಜಿ ಈಗ,” ಎಂದಳು.

ಸುಮ್ಮನಿರುವುದರಲ್ಲೂ ಎರಡು ಬಗೆ ಇದೆಯೆಂದು ನನಗೆ ತಿಳಿದದ್ದು ಆಗಲೇ. ಬಾಗಿಲ ಹಿಂದೆ ಒಬ್ಬಳೇ ಸುಮ್ಮನಿರುವುದು ಒಂದು. ಇನ್ನೊಬ್ಬಳ ಜೊತೆ ಸೇರಿ ಸುಮ್ಮನಿರುವುದು ಇನ್ನೊಂದು.

ಶಿಬಿರದಲ್ಲಿ ಏನೇನು ಕಲಿಸಿದರೆಂದು ಪಲ್ಲವಿ ದಿನಕ್ಕಷ್ಟು ಹೇಳುತ್ತಿದ್ದಳು. ಹಗ್ಗ ಹಿಡಿದು ಬಂಡೆ ಹತ್ತಿದ್ದು, ಹಕ್ಕಿ ನೋಡಲು ನಡೆದದ್ದು, ಗುಡಾರ ಹಾಕಿದ್ದು. ಆನೆ ಲದ್ದಿಯ ಸುತ್ತ ನಿಂತು ಪೇಟೆಯ ಮಕ್ಕಳು ಫೋಟೋ ತೆಗೆದುಕೊಂಡವಂತೆ. ಮನೆಯಲ್ಲಿ ನಾನು ಅದನ್ನು ಬುಟ್ಟಿಗೆ ಬಾಚಿ ತಿಪ್ಪೆಗೆ ಹಾಕುತ್ತೇನೆಂದು ಇವಳು ಹೇಳಿದಾಗ ಯಾರೂ ನಗಲಿಲ್ಲವಂತೆ, ಇನ್ನೂ ಹೇಳು ಎಂದರಂತೆ. ಒಳ್ಳೆಯದೇ. ಆದರೆ ಬಂಡೆ ಹತ್ತುವುದರಿಂದ ಮನುಷ್ಯರು ಬೆಳೆಯುತ್ತಾರೆಂದು ನನಗೇನೂ ಅನ್ನಿಸುವುದಿಲ್ಲ. ಹಾಗಿದ್ದರೆ ನಮ್ಮ ಮೇಕೆಗಳು ಇಷ್ಟು ಹೊತ್ತಿಗೆ ತಹಶೀಲ್ದಾರರಾಗಬೇಕಿತ್ತು. ನನ್ನ ಲೆಕ್ಕದಲ್ಲಿ ಕೆಲಸ ಮಾಡಿದ್ದು ಆ ತಟ್ಟೆ ತೊಳೆಯುವ ಕಟ್ಟು. ನಮ್ಮ ಕಾಲದಲ್ಲಿ ಅದಕ್ಕೆ ಮುಯ್ಯಾಳು ಎನ್ನುತ್ತಿದ್ದೆವು: ಈ ಹೊತ್ತು ನಾನು ನಿನ್ನ ಹೊಲಕ್ಕೆ ಕಳೆ ಕೀಳಲು ಬಂದರೆ ನಾಳೆ ನೀನು ನನ್ನ ಹೊಲಕ್ಕೆ. ನನ್ನ ಗೆಳತಿಯರೆಲ್ಲ ಸಿಕ್ಕಿದ್ದು ಆ ಕಳೆಯ ಸಾಲಿನಲ್ಲೇ, ಮಾತಾಡಬೇಕೆಂದು ಕೂತು ಮಾತಾಡಿ ಸಿಕ್ಕಿದವರಲ್ಲ. ಈಗ ಹೊಲಕ್ಕೆ ಕಳೆನಾಶಕ ಬಂದಿದೆ. ಕಳೆಯೂ ಸಾಯುತ್ತದೆ, ಸಾಲೂ ಇಲ್ಲ. ಮನೆಮನೆಗೆ ಒಬ್ಬೊಬ್ಬರೇ ಇರುವ ಮಕ್ಕಳಿಗೆ ಒಬ್ಬರ ಎಂಜಲು ಇನ್ನೊಬ್ಬರು ತೊಳೆಯುವ ಅವಕಾಶವಾದರೂ ಎಲ್ಲಿ ಸಿಗಬೇಕು? ಅದಕ್ಕೊಂದು ಶಿಬಿರ ಬೇಕಾಯಿತೆಂದರೆ ಬೇಕಾಯಿತು, ಬೈದು ಪ್ರಯೋಜನವಿಲ್ಲ. ವಿಕಸನವೆಂಬ ಆ ದೊಡ್ಡ ಮಾತನ್ನು ಮಾತ್ರ ಬಿಟ್ಟರೆ ನನ್ನ ತಕರಾರಿಲ್ಲ.

ತಟ್ಟೆ ತರಲು ಆಮೇಲೂ ಹೋದೆವು, ಅವರೂ ಬಂದರು. ಪ್ರತಿ ಸಲ ಏನೋ ಒಂದು ತುಂಬಿಕೊಂಡು ಯಾವುದೋ ಒಂದು ತಟ್ಟೆ ಆಚೀಚೆ ಹೋಯಿತು. ನನ್ನದು ಮಾತ್ರ ಕುಂತೂರಿನಲ್ಲೇ ಉಳಿಯಿತು. ನಾನೂ ಕೇಳುವುದನ್ನು ಬಿಟ್ಟೆ. ಗಂಡಿನ ಮಾತು ತೆಗೆದಿದ್ದ ನೆಂಟ ಇನ್ನೊಮ್ಮೆ ಬಂದಾಗ ಪಲ್ಲವಿ ಅಟ್ಟ ಸೇರಲಿಲ್ಲ. ಕಾಫಿ ಲೋಟ ಅವನ ಮುಂದಿಟ್ಟು, “ನಾನು ಕಾಲೇಜಿಗೆ ಸೇರ್ತೀನಿ ಮಾವ, ಹಾಸ್ಟೆಲ್ಲಲ್ಲಿ ಇರ್ತೀನಿ,” ಎಂದಳು. ಲೋಟ ಇಡುವಾಗ ಕಾಫಿ ಸ್ವಲ್ಪ ಚೆಲ್ಲಿತ್ತು. ಮಾತು ಚೆಲ್ಲಲಿಲ್ಲ.

ಹಾಸ್ಟೆಲಿಗೆ ಬಿಡಲು ನಾನೇ ಹೋದೆ. ಸುಮಾಳೂ ಅಲ್ಲೇ ಸೇರಿದ್ದಳು. ಮಧ್ಯಾಹ್ನದ ಊಟಕ್ಕೆ ಹುಡುಗಿಯರೆಲ್ಲ ಸಾಲಾಗಿ ನೆಲದ ಮೇಲೆ ಕೂತಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ. ಅಷ್ಟು ಗಲಾಟೆಯ ನಡುವೆಯೂ ಟಕಟಕ ಎಂಬ ಸದ್ದು ಕೇಳಿಸಿತು. ನನ್ನ ತಟ್ಟೆ ಸುಮಾಳ ಮುಂದಿತ್ತು. ಅವಳ ಪಕ್ಕದಲ್ಲಿದ್ದ ಪಲ್ಲವಿ ಆ ಕಡೆ ಕೂತಿದ್ದ ಇನ್ನಾರೊಂದಿಗೋ ಮಾತಾಡುತ್ತಿದ್ದಳು. ಮಾತು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಎಡಗೈ ಚಾಚಿ ಗೆಳತಿಯ ತಟ್ಟೆಯ ಅಂಚನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದಳು. ಸುಮಾ ಮುದ್ದೆ ಮುರಿದಳು. ನಾನು ಹೇಳದೆಯೇ ಬಂದುಬಿಟ್ಟೆ.

ಈಗ ಮನೆಯಲ್ಲಿ ನಾನು ಉಣ್ಣುವುದು ಬೇರೆ ತಟ್ಟೆಯಲ್ಲಿ. ಅದು ಇಟ್ಟಲ್ಲಿ ತೆಪ್ಪಗೆ ಕೂರುತ್ತದೆ, ಸಾರು ಚೆಲ್ಲುವುದಿಲ್ಲ, ಹಿಡಿಯುವ ಅಗತ್ಯವೇ ಇಲ್ಲ. ಆದರೂ ಹಿಡಿದುಕೊಂಡೇ ಉಣ್ಣುತ್ತೇನೆ.