ಕಿವಿಗೆ ಬೀಳದಷ್ಟು ದೂರ

ಸೆರೆಮನೆಯ ಗೋಡೆಯೊಳಗೆ ಬಸುರಿಯರ ಮೈಯನ್ನು ನೋಡಿಕೊಂಡವರು ಹಲವರಿದ್ದಾರೆ. ಅವರ ಮನಸ್ಸಿನ ಬಳಿ ಕುರ್ಚಿ ಎಳೆದುಕೊಂಡು ಕುಳಿತವರು ವಿರಳ. ಮಹಿಳಾ ಕಾರಾಗೃಹದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದಾದಿಯಾಗಿದ್ದು ಈಗ ನಿವೃತ್ತರಾದ, ಎಲ್ಲರ ಬಾಯಲ್ಲೂ ‘ಸಿಸ್ಟರಮ್ಮ’ ಆಗಿರುವ ಅಲ್ಲಿನ ದಾದಿಯರಾದ ನಮ್ಮೆಲ್ಲರ ಹಿರಿಯರು ಆ ವಿರಳರಲ್ಲಿ ಒಬ್ಬರು.

ಆ ಕುರ್ಚಿಯ ಹಿಂದೆ ಒಂದು ತಪ್ಪಿದೆ. ಅದನ್ನು ಬರೆಯಲೇಬೇಕೆಂದು ಅವರದೇ ಅಪ್ಪಣೆ.

ಸೇವೆಯ ಎರಡನೆಯ ವರ್ಷ, ದರ್ಜಿ ಕೆಲಸ ಬಲ್ಲ ಏಳು ತಿಂಗಳ ಬಸುರಿಯೊಬ್ಬಳು ತಪಾಸಣೆಗೆ ಬರುತ್ತಿದ್ದಳು. ಬಾಗಿಲಲ್ಲಿ ಕಾವಲಿನಾಕೆ. “ಹೇಗಿದ್ದೀಯಮ್ಮ?” ಎಂದರೆ ಯಾವಾಗಲೂ “ಚೆನ್ನಾಗಿದ್ದೀನಿ.” ಒಂದು ವಾರ ಅವಳು ಬಾಚಣಿಗೆ, ಸೋಪು, ಕೊನೆಗೆ ಮಗುವಿಗೆಂದು ಹೊಲಿದಿಟ್ಟ ಅಂಗಿಗಳನ್ನೂ ಜೊತೆಯವರಿಗೆ ಹಂಚಿದಳು. ಸಿಸ್ಟರಮ್ಮ ಮೆಚ್ಚಿ ರಿಜಿಸ್ಟರಿನಲ್ಲಿ ‘ಶಾಂತ, ಉದಾರ ಸ್ವಭಾವ’ ಎಂದು ಬರೆದರು.

ನೆಲ ಒರೆಸುವ ಅಜ್ಜಿ ಗೊಣಗಿದರು: “ಮಗೂ ಅಂಗೀನೂ ಕೊಟ್ಟುಬಿಟ್ಟಳಲ್ಲ ತಾಯಿ! ಜೈಲಿಂದ ಎಲ್ಲಿಗೆ ಹೊರಟಿದ್ದಾಳೆ ಇವಳು?”

ಇವಳು ಜೀವವನ್ನೇ ಬಿಡಲು ಹೊರಟಿದ್ದಾಳೆಂದು ಸಿಸ್ಟರಮ್ಮನಿಗೆ ಆಗ ಹೊಳೆಯಿತು. ಬರೆದದ್ದನ್ನು ಹೊಡೆದುಹಾಕಿ, ವೈದ್ಯರಿಗೆ ಹೇಳಿಕಳಿಸಿ, ಓಡಿಹೋಗಿ ಅವಳನ್ನು ಗಾಜಿನ ಗೋಡೆಯ ತಪಾಸಣಾ ಕೋಣೆಗೆ ಕರೆತಂದು, ಕುರ್ಚಿ ಎಳೆದುಕೊಂಡು ಪಕ್ಕ ಕುಳಿತರು. ಕಾವಲಿನಾಕೆಗೆ, “ಗಾಜಿನಾಚೆ ನಿಲ್ತೀರಾ ಅಕ್ಕ?” ಎಂದರು.

“ಕಣ್ಣಿಂದ ಮರೆಯಾಗಬಾರದು. ರೂಲ್ಸು.”

“ಕಣ್ಣು ಇಲ್ಲೇ ಇರಲಿ. ಕಿವಿ ತಗೊಂಡು ಹೋಗಿ.”

ಅವಳನ್ನು ಒಂಟಿಯಾಗಿ ಬಿಡದೆ ಕಾದರು. ನಾಲ್ಕನೆಯ ದಿನ ಅವಳು ಗೋಡೆಗೆ ಹೇಳುವಂತೆ ಹೇಳಿದಳು: “ಮಗು ಒದ್ದರೆ ಎಲ್ರಿಗೂ ಖುಷಿಯಂತೆ. ನಂಗೆ, ಬಾಗ್ಲು ತೆಗಿ ಅಂತ ಬಡೀತಿದೆ ಅನ್ಸುತ್ತೆ. ಬೀಗ ನನ್ ಕೈಲಿಲ್ವಲ್ಲ, ಸಿಸ್ಟರಮ್ಮ.”

ವೈದ್ಯರು ಕೊಟ್ಟ ಮನಸ್ಸಿನ ಚಿಕಿತ್ಸೆ ಹಿಡಿಯಲು ವಾರಗಳೇ ಬೇಕಾದವು. ಜೊತೆಯವರು ಅಂಗಿಗಳನ್ನು ಒಂದೊಂದಾಗಿ ಮರಳಿಸಿದರು. ಕೊನೆಯದನ್ನು ಮಾತ್ರ ಅವಳೇ ಹೋಗಿ ಕೇಳಿ ಇಸಿದುಕೊಂಡಳು. ಅಂದು ಸಿಸ್ಟರಮ್ಮ ದೇವರಿಗೆ ಕೈಮುಗಿದರು. ಹೆರಿಗೆ ಸುಖವಾಗಿ ಆಯಿತು.

ಅಂದಿನಿಂದ ನಮ್ಮಲ್ಲಿ ಕಾವಲು ಗಾಜಿನಾಚೆಯೇ. ಪ್ರತಿ ಹೊಸ ದಾದಿಗೂ ಅವರು ಆ ಹೊಡೆದುಹಾಕಿದ ಸಾಲನ್ನು ತೋರಿಸಿ, “ಚೆನ್ನಾಗಿದ್ದೀನಿ ಅಂದ ತಕ್ಷಣ ಎದ್ದುಬಿಡಬೇಡಿ” ಎಂದಿದ್ದಾರೆ.

ಬೀಳ್ಕೊಡುಗೆಯ ದಿನ ಅವರು ತಮ್ಮ ಕತ್ತರಿ, ಕೈಗಡಿಯಾರ, ಕೊಡೆಯನ್ನು ನಮಗೆ ಹಂಚಿದರು. ಅವರ ಶಿಷ್ಯೆಯರಾದ ನಾವೇ ಚಪ್ಪಾಳೆ ತಟ್ಟಿದೆವು! ಮನೆ ಸೇರಿದ ಮೇಲೆ ನಮಗೆ ಆ ಅಂಗಿಗಳು ನೆನಪಾದವು. ಮರುದಿನವೇ ಅವರ ಮನೆಗೆ ಹೋದೆವು. ಒಂದು ಕೋಣೆ, ಒಂದು ಲೋಟ, ಕಿಟಕಿಗೆ ಮುಖಮಾಡಿದ ಒಂದೇ ಕುರ್ಚಿ.

“ಹೇಗಿದ್ದೀರಿ?”

“ಚೆನ್ನಾಗಿದ್ದೀನಿ ಕಣ್ರೇ.”

ನಾವು ಏಳಲಿಲ್ಲ. ನೆಲದ ಮೇಲೆಯೇ ಕುಳಿತೆವು. ಬಹಳ ಹೊತ್ತಿನ ಮೇಲೆ ಅವರು, “ಬೆಳಿಗ್ಗೆ ಎದ್ದರೆ ಹೇಗಿದ್ದೀಯ ಅಂತ ಕೇಳೋಕೆ ಯಾರೂ ಇಲ್ಲ” ಎಂದರು.

ಗಾಜಿನ ಕೋಣೆಯಲ್ಲಿ ಅವರ ಕುರ್ಚಿ ಹಾಗೆಯೇ ಇದೆ. ಭಗವಂತ ಅವರಿಗೆ ತುಂಬು ಆಯುಷ್ಯ ಕೊಡಲಿ. ಕೊಡೆ, ಕೈಗಡಿಯಾರಗಳನ್ನು ನಾವು ಮರಳಿಸಿದ್ದೇವೆ. ಕತ್ತರಿಯನ್ನು ಅವರೇ ಬಂದು ಕೇಳಿ ಇಸಿದುಕೊಳ್ಳಲಿ.