ದೊಡ್ಡಮ್ಮ ಮತ್ತೆ ಗಾಳ ಹಿಡಿದ ಬೇಸಿಗೆ

ಭದ್ರಾವತಿಯ ಕಾಗದನಗರದ ಜನ ಕಾಗದ ಕಾರ್ಖಾನೆಯ ಸೈರನ್ ಕೇಳಿ ಎದ್ದು, ಸೈರನ್ ಕೇಳಿ ಉಂಡು, ಸೈರನ್ ಕೇಳಿ ಮಲಗುತ್ತಿದ್ದ ಕಾಲ ಅದು. ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ನನಗೆ ಬೇಸಿಗೆ ರಜೆ ಎಂದರೆ ಭದ್ರಾವತಿಯ ಬಸ್ಸು ಹತ್ತಿ ದೊಡ್ಡಮ್ಮನ ಕ್ವಾರ್ಟರ್ಸಿಗೆ ಹೋಗುವುದು, ಅಷ್ಟೇ. ಊಟಿ, ಮೈಸೂರು ಎಲ್ಲ ಬೇರೆಯವರ ಮಕ್ಕಳಿಗೆ. ಆದರೆ ನನಗೇನೂ ಬೇಸರವಿರಲಿಲ್ಲ. ಹಿತ್ತಲಲ್ಲಿ ಸೀಬೆ ಮರ, ನೀರೊಲೆಯ ಹೊಗೆ, ಗಾಳಿ ತಿರುಗಿದಾಗ ಕಾರ್ಖಾನೆಯ ಕಡೆಯಿಂದ ಬೆಂದ ಬಿದಿರಿನ ಘಾಟು, ಮಧ್ಯಾಹ್ನ ಸಿಮೆಂಟಿನ ಜಗಲಿಯ ಮೇಲೆ ಚೌಕಾಬಾರ, ಸಂಜೆ ಕುಂಟೆಬಿಲ್ಲೆ. ಆ ಮನೆಯಲ್ಲಿ ನನಗೆ ಸೇರದಿದ್ದದ್ದು ಒಂದೇ: ದೊಡ್ಡಪ್ಪ.

ದೊಡ್ಡಪ್ಪ ಕಾರ್ಖಾನೆಯ ಸ್ಟೋರಿನಲ್ಲಿ ಸೂಪರ್‌ವೈಸರ್. ಅವರು ರಸ್ತೆಯಲ್ಲಿ ನಡೆಯುವ ಠೀವಿ ನೋಡಿದವರು ಮಾತ್ರ ಇಡೀ ಭದ್ರಾ ಹೊಳೆಗೆ ಇವರೇ ನಲ್ಲಿ ತಿರುಗಿಸಿ ನೀರು ಬಿಟ್ಟಿದ್ದಾರೆ ಅಂದುಕೊಳ್ಳಬೇಕು. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಅವರ ತಲೆಯ ಮೇಲೆ ಎಲ್ಲೋ ಕೂತಿರುವ ಸಭಿಕರನ್ನು ನೋಡುತ್ತಿದ್ದರು. ಬಾಯಾರಿದರೆ ‘ನೀರು’ ಅನ್ನುತ್ತಿದ್ದರು. ‘ಕೊಡು’ ಅನ್ನುವುದನ್ನು ಕೇಳಿಸಿಕೊಂಡವರೇ ಸೇರಿಸಿಕೊಳ್ಳಬೇಕು. ನನಗಾಗ ಹನ್ನೊಂದು ವರ್ಷ. ಆ ವಯಸ್ಸಿನ ಹುಡುಗಿ ನೋಡಿದಷ್ಟು ನಿಷ್ಕರುಣೆಯಿಂದ ಒಬ್ಬ ಮನುಷ್ಯನನ್ನು ಇನ್ಯಾರೂ ನೋಡಲಾರರು. ಅವರು ಸಾರನ್ನು ಸೊರ್ರೆಂದು ಸುರಿಯುವ ಸದ್ದು, ಬಾಚಣಿಗೆಗೆ ಎಣ್ಣೆ ಹಚ್ಚುವ ರೀತಿ, ಅಧಿಕಾರಿಗಳು ಕಂಡಾಗ ತಾನಾಗಿ ಬಾಗುವ ಬೆನ್ನು, ಒಂದನ್ನೂ ನಾನು ಬಿಟ್ಟಿರಲಿಲ್ಲ.

ಆ ಬೇಸಿಗೆಯಲ್ಲಿ ಅವರಿಗೆ ಮೀನು ಹಿಡಿಯುವ ಹುಚ್ಚು ಹತ್ತಿತ್ತು. ಹೊಸದಾಗಿ ಬಂದಿದ್ದ ಇಂಜಿನಿಯರ್ ಒಬ್ಬರು ಭಾನುವಾರ ಹೊಳೆಗೆ ಹೋಗಿ ಗಾಳ ಹಾಕುತ್ತಾರೆ ಎಂದು ಗೊತ್ತಾದದ್ದೇ ತಡ, ಅಲ್ಲಿಯವರೆಗೆ ಕೆಲಸವಿಲ್ಲದವರ ಕೆಲಸವಾಗಿದ್ದ ಮೀನು ಹಿಡಿಯುವುದು ಮರ್ಯಾದಸ್ಥರ ಹವ್ಯಾಸವಾಗಿಬಿಟ್ಟಿತು. ದೊಡ್ಡಪ್ಪ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ರೀಲು ಇರುವ ಗಾಳದ ಕೋಲು ತರಿಸಿದರು. ಅಗಲ ಅಂಚಿನ ಟೋಪಿ ಬಂತು. ಮೈತುಂಬ ಜೇಬುಗಳಿದ್ದ ಖಾಕಿ ಜಾಕೆಟ್ಟು ಬಂತು. ಜೇಬುಗಳಲ್ಲಿ ಏನಿಡಬೇಕೆಂದು ತಿಳಿಯದೆ ಒಂದರಲ್ಲಿ ಕರ್ಚೀಫು, ಇನ್ನೊಂದರಲ್ಲಿ ಶುಂಠಿ ಪೆಪ್ಪರಮೆಂಟು ಇಟ್ಟುಕೊಂಡರು.

ಮನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: “ನಾನು ಚಿಕ್ಕಂದಿನಿಂದ ಹೊಳೇಲೇ ಬೆಳ್ದೋನು. ಕೆಲ್ಸ, ಸಂಸಾರ ಅಂತ ಬಿಟ್ಟೋಗಿತ್ತು. ಇಷ್ಟು ವರ್ಷ ಆದ್ಮೇಲೆ ಮತ್ತೆ ಶುರು ಮಾಡ್ತಿದ್ದೀನಿ.”

ಅವರು ಬೆಳೆದದ್ದು ಚಿತ್ರದುರ್ಗದ ಕಡೆ, ಕುಡಿಯುವ ನೀರಿಗೇ ಬಾವಿಯ ಮುಂದೆ ಸಾಲು ನಿಲ್ಲುವ ಊರಿನಲ್ಲಿ. ಇದು ನನಗೇ ಗೊತ್ತಿತ್ತು.

ಸಂಜೆ ಹಿತ್ತಲಲ್ಲಿ ಗಾಳ ಬೀಸುವ ಅಭ್ಯಾಸ ನಡೆಯುತ್ತಿತ್ತು. ಒಂದು ದಿನ ಜೋರಾಗಿ ಬೀಸಿದ ಗಾಳ ಪಕ್ಕದ ಮನೆಯ ಸೆಲ್ವಿ ಅಕ್ಕ ಒಣಹಾಕಿದ್ದ ಬಟ್ಟೆಗೆ ಸಿಕ್ಕಿಕೊಂಡಿತು. ದೊಡ್ಡಪ್ಪ ರೀಲು ತಿರುಗಿಸಿದರು. ಹಗ್ಗ, ಕ್ಲಿಪ್ಪು, ಹಳದಿ ಲಂಗ ಎಲ್ಲ ಬೇಲಿ ದಾಟಿ ಬಂದವು.

“ಸಾರ್, ಅದು ಮೀನಿಲ್ಲ ಸಾರ್, ನಂದು ಲಂಗ,” ಅಂದಳು ಸೆಲ್ವಿ ಅಕ್ಕ.

“ಗಾಳಿ ಜಾಸ್ತಿ ಇದೆ,” ಅಂದರು ದೊಡ್ಡಪ್ಪ, ತಲೆಯ ಮೇಲಿನ ಸಭಿಕರಿಗೆ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ನಿಜವಾಗಿ ಹೊಳೆಯಲ್ಲಿ ಬೆಳೆದವಳು ದೊಡ್ಡಮ್ಮ. ಅವಳ ತವರು ಕೂಡ್ಲಿಯ ಹತ್ತಿರ, ತುಂಗೆಯೂ ಭದ್ರೆಯೂ ಸೇರುವ ಕಡೆ. ತನ್ನ ಅಪ್ಪನ ಪಕ್ಕ ಕೂತು ಗಾಳ ಹಾಕುವುದನ್ನು ಅವಳು ಅಕ್ಷರಕ್ಕೂ ಮೊದಲು ಕಲಿತಿದ್ದಳು. ನನ್ನ ಅಮ್ಮ ಅವಳಿಗಿಂತ ತುಂಬ ಚಿಕ್ಕವಳು, ಅದನ್ನೆಲ್ಲ ಕಂಡವಳಲ್ಲ. ಹಾಗಾಗಿ ದೊಡ್ಡಮ್ಮ ಆ ಕಥೆಗಳನ್ನು ನನಗೆ ಹೇಳುತ್ತಿದ್ದಳು, ಸಂತೆಯ ಮೀನಿಗೆ ಬೂದಿ ಹಚ್ಚಿ ಕಲ್ಲಿನ ಮೇಲೆ ಉಜ್ಜುತ್ತಾ. ಒಂದು ಕಥೆಯನ್ನು ನಾನು ಮತ್ತೆ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದೆ. ಅಪ್ಪ ಬೀಡಿಗೆ ಬೆಂಕಿ ತರಲು ಹೋಗಿದ್ದಾಗ ದೊಡ್ಡ ಬಾಳೆಮೀನು ಗಾಳ ಕಚ್ಚಿದ್ದು, ಪುಟ್ಟ ದೊಡ್ಡಮ್ಮ ಕೋಲನ್ನು ತಬ್ಬಿಕೊಂಡು ಮರಳಿನಲ್ಲಿ ಅಂಗಾತ ಮಲಗಿ ಬಂಡೆಗೆ ಕಾಲು ಕೊಟ್ಟು ಕಿರುಚಿದ್ದು, ಅಪ್ಪ ಓಡಿ ಬರುತ್ತಾ “ಬಿಡ್ಬೇಡ ಮಗಳೇ, ಕೈ ಹೋದ್ರೂ ಬಿಡ್ಬೇಡ” ಎಂದು ಕೂಗಿದ್ದು.

“ಆಮೇಲೆ ಯಾಕೆ ಬಿಟ್ಟೆ ದೊಡ್ಡಮ್ಮ?” ಎಂದು ಕೇಳಿದ್ದೆ.

ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಅವಳು ಗಾಳ ಹಿಡಿದು ಹೊಳೆಗೆ ಹೋಗಿದ್ದಳಂತೆ. ಸೆರಗಿನ ತುಂಬ ಗೆಂಡೆಮೀನು ಕಟ್ಟಿಕೊಂಡು ಖುಷಿಯಿಂದ ಮನೆಗೆ ಬಂದರೆ, ದೊಡ್ಡಪ್ಪ ಕೋಲನ್ನು ಕಸಿದು ಮೊಣಕಾಲಿಗೆ ಕೊಟ್ಟು ಮುರಿದು ನೀರೊಲೆಗೆ ಹಾಕಿದರಂತೆ. ‘ಗಾಳ ಹಿಡ್ಕೊಂಡು ದಂಡೇಲಿ ಕೂರೋ ಹೆಂಗಸು ನಮ್ಮನೇಲಿಲ್ಲ.’ ಮೀನನ್ನು ಮಾತ್ರ ಒಲೆಗೆ ಹಾಕಲಿಲ್ಲ, ತಿಂದರು. ಈ ಕೊನೆಯ ವಿಷಯವನ್ನು ದೊಡ್ಡಮ್ಮ ಬಲು ಸಹಜವಾಗಿ ಹೇಳಿದಳು. ನಾನು ಮಾತ್ರ ಅದನ್ನು ಎಂದೂ ಕ್ಷಮಿಸಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಇಂಜಿನಿಯರ್, ದೊಡ್ಡಪ್ಪ ಮತ್ತು ಇನ್ನಿಬ್ಬರು ಗಂಡಸರು ಸಂಸಾರ ಸಮೇತ ಹೊಳೆಗೆ ಹೊರಟರು. ಊರಾಚೆ, ಹೊಂಗೆ ಮರಗಳ ಕೆಳಗೆ ಭದ್ರೆ ಒಂದು ದೊಡ್ಡ ಮಡುವಾಗಿ ನಿಂತಿದ್ದ ಜಾಗ. ಗಂಡಸರು ಮೀನು ಹಿಡಿಯುವುದು, ಹೆಂಗಸರು ಅಲ್ಲೇ ಸಾರು ಮಾಡುವುದು ಎಂದು ಮಾತಾಗಿತ್ತು. ದೊಡ್ಡಮ್ಮ ಬೆಳಗ್ಗೆಯೇ ತೆಂಗಿನಕಾಯಿ, ಕೊತ್ತಂಬರಿ, ಒಣಮೆಣಸು, ಹುಣಸೆ ಹಾಕಿ ಮಸಾಲೆ ರುಬ್ಬಿ ಡಬ್ಬಿಗೆ ತುಂಬಿಕೊಂಡಿದ್ದಳು. ಸೆಲ್ವಿ ಅಕ್ಕನೂ ಬಂದಿದ್ದಳು. ಅವಳ ಗಂಡನನ್ನು ಕರೆದಿರಲಿಲ್ಲ, ಪಾತ್ರೆ ಹೊರಲು ಅವಳು ಬೇಕಾಗಿತ್ತು.

ಗಂಡಸರು ದಂಡೆಯುದ್ದಕ್ಕೂ ನಿಂತು ಗಾಳ ಬೀಸಿದರು. ಟೋಪಿ ಸರಿ ಮಾಡಿಕೊಂಡರು. ಜೋರಾಗಿ ಮಾತಾಡುತ್ತಾ ‘ಮಾತಾಡ್ಬೇಡಿ, ಮೀನು ಹೆದರುತ್ವೆ’ ಎಂದು ಮಕ್ಕಳನ್ನು ಗದರಿದರು. ಹೊತ್ತು ನೆತ್ತಿಗೆ ಬಂತು. ಅನ್ನ ಆಯಿತು, ಮಸಾಲೆ ಕಾಯುತ್ತಾ ಕೂತಿತು, ಒಂದು ಮೀನಿನ ಸುಳಿವೂ ಇಲ್ಲ. ಇಂಜಿನಿಯರ್ ಬೇಸತ್ತು ನೆರಳಿಗೆ ಬಂದು ಕೂತರು. ಅವರು ಕೂತದ್ದರಿಂದ ಉಳಿದವರೂ ಕೂತರು. ಅವರನ್ನು ರಂಜಿಸುವ ಹೊಣೆ ತನ್ನದೆಂಬಂತೆ ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡರು.

“ನಮ್ಮೂರ ಹೊಳೇಲಿ ಒಂದ್ಸಲ ಏನಾಯ್ತು ಗೊತ್ತಾ ಸಾರ್? ನಾನಿನ್ನೂ ಚಡ್ಡಿ ಹಾಕೋ ಹುಡುಗ. ನಮ್ಮಪ್ಪ ಬೀಡಿಗೆ ಬೆಂಕಿ ತರಕ್ಕೆ ಹೋಗಿದ್ರು...”

ನಾನು ಸೌತೆಕಾಯಿ ಕಚ್ಚುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಬಾಳೆಮೀನು ಬಂತು, ಮರಳು ಬಂತು, ಬಂಡೆ ಬಂತು. “ಬಿಡ್ಬೇಡ ಮಗನೇ, ಕೈ ಹೋದ್ರೂ ಬಿಡ್ಬೇಡ” ಎಂದು ದೊಡ್ಡಪ್ಪ ಕೈ ಎತ್ತಿ ಕೂಗಿ ತೋರಿಸಿದರು. ಅವರ ಕಣ್ಣಂಚಿನಲ್ಲಿ ನೀರು ಕೂಡ ಇತ್ತು. ಇನ್ನೊಬ್ಬರ ಅಪ್ಪನನ್ನು ನೆನೆದು ಅಷ್ಟು ಚೆನ್ನಾಗಿ ಅಳುವ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ.

ದೊಡ್ಡಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಕೈ ನಿಂತಿತು. ಈಳಿಗೆಮಣೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ದೊಡ್ಡಪ್ಪನ ಪೆಟ್ಟಿಗೆಯ ಹತ್ತಿರ ಹೋಗಿ, ಒಂದು ಗಾಳದ ಕೊಕ್ಕೆಯನ್ನೂ ಒಂದಿಷ್ಟು ನೈಲಾನ್ ದಾರವನ್ನೂ ತೆಗೆದುಕೊಂಡಳು.

“ಏಯ್ ಸರೋಜಾ, ಅದನ್ಯಾಕೆ ಮುಟ್ತೀಯ? ಏನ್ ಮಾಡ್ತಿದ್ದೀಯ?”

“ಮಸಾಲೆ ಹಳಸತ್ತೆ,” ಅಂದಳು ದೊಡ್ಡಮ್ಮ.

ದಂಡೆಯ ಮೆಳೆಯಿಂದ ಒಂದು ಬಿದಿರ ಕಡ್ಡಿ ಮುರಿದಳು. ಸೌದೆಯ ರಾಶಿಯಲ್ಲಿದ್ದ ಒಣಗಿದ ಜೋಳದ ದಂಟಿನಿಂದ ಬೆರಳುದ್ದದ ಬೆಂಡು ಮಾಡಿ, ನೀರಿನ ಮೇಲೆ ತೇಲುವಂತೆ ದಾರಕ್ಕೆ ಕಟ್ಟಿದಳು. ನನ್ನನ್ನು ಕರೆದು “ಅಲ್ಲಿ ಒದ್ದೆ ಮಣ್ಣು ಕೆದಕು, ಎರೆಹುಳ ಸಿಗ್ತಾವೆ” ಅಂದಳು. ನಾನು ಉಗುರೊಳಗೆ ಮಣ್ಣು ತುಂಬಿಸಿಕೊಂಡು ಕೆದಕಿದೆ.

ಅವಳ ಕೈ ಎಲ್ಲ ಮರೆತಿತ್ತು. ಮೊದಲ ಗಂಟು ಬಿಚ್ಚಿಹೋಯಿತು. ಮೊದಲ ಹುಳವನ್ನು ಮೀನು ಜಾಣತನದಿಂದ ತಿಂದುಕೊಂಡು ಹೋಯಿತು. ಎರಡನೆಯ ಸಲ ಬೆಂಡು ಅಲ್ಲಾಡಿದ್ದೇ ಆತುರಪಟ್ಟು ಎಳೆದಳು, ಬರೀ ಕೊಕ್ಕೆ ಬಂದು ಸೀರೆಗೆ ಚುಚ್ಚಿಕೊಂಡಿತು. ಹಿಂದೆ ಕೂತಿದ್ದ ಹೆಂಗಸರು ಕಿಸಕ್ಕೆಂದರು. ಇಂಜಿನಿಯರ್ ದೊಡ್ಡ ಮನಸ್ಸು ಮಾಡಿ “ಇನ್ನೂ ಸ್ವಲ್ಪ ದೂರ ಹಾಕಿ ಮೇಡಂ” ಎಂದು ಸಲಹೆ ಕೊಟ್ಟರು, ಬೆಳಗಿನಿಂದ ದೂರ ಹಾಕಿ ಬರಿಗೈಯಲ್ಲಿ ಕೂತವರು. ದೊಡ್ಡಮ್ಮ ಯಾರ ಕಡೆಗೂ ತಿರುಗಲಿಲ್ಲ. ಕೆನ್ನೆ ಕೆಂಪಾಗಿತ್ತು. ಇವಳು ಈಗ ಸೋತರೆ ದೊಡ್ಡಪ್ಪ ಅದನ್ನು ಸಾಯುವವರೆಗೂ ಹೇಳುತ್ತಾರೆ ಅನ್ನಿಸಿ ನಾನು ಮತ್ತೆ ಮಣ್ಣು ಕೆದಕಿ ಇನ್ನೊಂದು ಹುಳ ತಂದುಕೊಟ್ಟೆ.

“ಅಕ್ಕಾ, ಆ ಜನ ಇರ್ಲಿ. ನೀ ನೀರ್ ನೋಡು,” ಅಂದಳು ಸೆಲ್ವಿ ಅಕ್ಕ ಮೆಲ್ಲಗೆ.

ದೊಡ್ಡಮ್ಮ ಬಂಡೆಯ ಮರೆಯಲ್ಲಿ, ನೀರು ಕಪ್ಪಗಿದ್ದ ಕಡೆ ಗಾಳ ಇಳಿಸಿ ಕುಕ್ಕರಗಾಲಲ್ಲಿ ಕೂತಳು. ಹಾಗೆ ಕೂತ ಮೇಲೆ ಅವಳ ಭುಜ ಸಡಿಲವಾಯಿತು. ಬೆಂಡು ಒಮ್ಮೆ ಅದುರಿತು, ಅವಳು ಕಾದಳು. ಮತ್ತೆ ಅದುರಿ ಓರೆಯಾಗಿ ಮುಳುಗಿತು. ಈ ಸಲ ಎಳೆಯಲಿಲ್ಲ, ಮಣಿಕಟ್ಟು ಒಂದಿಷ್ಟೇ ಎತ್ತಿದಳು. ಅಂಗೈಯಗಲದ ಗೆಂಡೆಮೀನು ಬಿಸಿಲಲ್ಲಿ ಮಿಂಚಿ ನನ್ನ ಕಾಲ ಬಳಿ ಬಿದ್ದು ಪಟಪಟ ಹೊಡೆದುಕೊಂಡಿತು. ನಾನು ಕಿರುಚಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು, ಮತ್ತೊಂದು ಬಂತು. ಹೆಂಗಸರು ಕಿಸಕಿಸ ನಿಲ್ಲಿಸಿ ದಂಡೆಗೆ ಬಂದು ಬಗ್ಗಿ ನೋಡತೊಡಗಿದರು.

ಆಮೇಲೆ ಬೆಂಡು ಅದುರಲೇ ಇಲ್ಲ, ಮಾಯವಾಯಿತು. ಬಿದಿರ ಕಡ್ಡಿ ಬಿಲ್ಲಿನಂತೆ ಬಗ್ಗಿತು. ದೊಡ್ಡಮ್ಮ ನೀರಿಗೆ ಎರಡು ಹೆಜ್ಜೆ ಇಳಿದಳು, ಮಂಡಿಯವರೆಗೂ ಸೀರೆ ನೆನೆಯಿತು. ಏನೋ ದೊಡ್ಡದು ಮಡುವಿನ ಒಳಗೆ ಒಂದು ಸುತ್ತು ಹಾಕಿ ಎಳೆಯಿತು. ಕಡ್ಡಿ ಫಟ್ಟೆಂದು ಮುರಿಯಿತು. ದೊಡ್ಡಮ್ಮ ಹಿಂದಕ್ಕೆ ಬಿದ್ದು ಕೆಸರಿನಲ್ಲಿ ಕುಂಡಿಯೂರಿ ಕೂತುಬಿಟ್ಟಳು.

ಕೂತಲ್ಲೇ ನಗತೊಡಗಿದಳು. ಅವಳು ಹಾಗೆ ನಗಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಗಂಟಲ ತುಂಬ ನಗು.

ದೊಡ್ಡಪ್ಪನಿಗೆ ಜೀವ ಬಂತು. ಟೋಪಿ ಎತ್ತಿಕೊಂಡು ದಂಡೆಗೆ ಬಂದು ನಿಂತರು. “ನೋಡಿದ್ರಾ ಸಾರ್? ಅದಕ್ಕೇ ನಾನು ಹೇಳೋದು, ಇದು ಹೆಂಗಸ್ರ ಕೆಲ್ಸ ಅಲ್ಲ.”

ದೊಡ್ಡಮ್ಮ ಕೆಸರಿನ ಕೈಯನ್ನು ನೀರಲ್ಲಿ ಅದ್ದಿ ತೊಳೆದುಕೊಂಡಳು. “ಹೌದ್ರೀ. ಆ ಬಾಳೆಮೀನು ಹಿಡಿದ್ರಲ್ಲ, ಅವತ್ತು ನಿಮ್ಮ ಹೆಸ್ರು ಸರೋಜ ಅಂತಿತ್ತು. ಎರಡು ಜಡೆ ಹಾಕ್ಕೊಂಡಿದ್ರಿ, ಕೆಂಪು ಟೇಪು ಕಟ್ಟಿ. ಮರ್ತೋಯ್ತೇನೋ.”

ಮೊದಲು ನಕ್ಕದ್ದು ಸೆಲ್ವಿ ಅಕ್ಕ. ಇಂಜಿನಿಯರ್ ಅರ್ಥವಾಗಿ ಕೆಮ್ಮಿದರು, ಅವರ ಹೆಂಡತಿ ಕೆಮ್ಮುವ ಕಷ್ಟವನ್ನೂ ತೆಗೆದುಕೊಳ್ಳದೆ ನಕ್ಕೇಬಿಟ್ಟರು. ದೊಡ್ಡಪ್ಪ ನೀರನ್ನು ನೋಡಿದರು, ಆಕಾಶ ನೋಡಿದರು. ಅವರ ಸಭಿಕರು ಎಲ್ಲ ಎದ್ದು ಹೋಗಿದ್ದರು.

ಮನೆಗೆ ಬಂದ ಮೇಲೆ ಆ ವಾರವಿಡೀ ದೊಡ್ಡಪ್ಪನ ‘ನೀರು’ ನಿಂತುಹೋಯಿತು, ತಾವೇ ಎದ್ದು ಹೂಜಿಯಿಂದ ಬಗ್ಗಿಸಿಕೊಂಡರು. ಶನಿವಾರ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಹೇಳಿದರು: “ಇನ್ಮೇಲೆ ಹೊಳೆ ಕಡೆ ಕಾಲಿಟ್ರೆ ಸರಿ ಇರಲ್ಲ.”

“ಏನ್ ಮಾಡ್ತೀರ?” ಎಂದು ಕೇಳಿದಳು ದೊಡ್ಡಮ್ಮ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವವಳ ಹಾಗೆ.

ದೊಡ್ಡಪ್ಪ ಕಲಸಿದ ಅನ್ನವನ್ನೇ ಮತ್ತೆ ಕಲಸಿದರು.

ಮರುದಿನ ದೊಡ್ಡಮ್ಮ, ಸೆಲ್ವಿ ಅಕ್ಕ, ನಾನು ನಡೆದುಕೊಂಡೇ ಹೊಳೆಗೆ ಹೋದೆವು. ರಜೆ ಮುಗಿಯುವವರೆಗೂ ಪ್ರತಿ ಭಾನುವಾರ ಹೋದೆವು. ದೊಡ್ಡಮ್ಮನ ಕೈಗೆ ಹಳೆಯದೆಲ್ಲ ಒಂದೊಂದಾಗಿ ವಾಪಸು ಬಂತು. ಸೆಲ್ವಿ ಅಕ್ಕ ತಮಿಳಿನಲ್ಲಿ ಮೀನುಗಳನ್ನು ಬೈಯುತ್ತಿದ್ದಳು. ದೊಡ್ಡಪ್ಪನ ಜಾಕೆಟ್ಟು ಮೊಳೆಗೆ ನೇತುಬಿತ್ತು. ನಾವು ಮೂವರೇ ಹೋದ ಮೊದಲ ಭಾನುವಾರ ಮನೆಯಲ್ಲಿ ಮಾಡಿದ ಸಾರನ್ನು ಅವರು ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಬಂದು ಕೂತು ಎರಡು ಸಲ ಬಡಿಸಿಕೊಂಡರು.

ಈಗ ದೊಡ್ಡಮ್ಮ ಇಲ್ಲ. ಮಂಡಿ ನೋವು ಬಂದು ದಂಡೆಯಲ್ಲಿ ಕೂರಲು ಆಗದವರೆಗೂ ಅವಳು ಗಾಳ ಬಿಡಲಿಲ್ಲ. ಸೆಲ್ವಿ ಅಕ್ಕ ಮಗಳ ಊರಾದ ಸೇಲಂಗೆ ಹೋದಳು. ಆ ಕ್ವಾರ್ಟರ್ಸಿನ ಸಾಲಿನಲ್ಲಿ ಬಹಳ ಮನೆಗಳಿಗೆ ಬೀಗ ಬಿದ್ದಿದೆ. ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲೇ ವಿಮಾನ ಇಳಿಯುವ ಈ ದಿನಗಳಲ್ಲಿ ಮೀನು ಹಿಡಿಯುವುದು ಮತ್ತೆ ಷೋಕಿಯಾಗಿದೆ. ಹೊಂಡ ತೋಡಿ ಮೀನು ಬಿಟ್ಟಿರುವ ಜಾಗಗಳಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡ ಗಂಡಸರು, ಸಾಕಿದ ಮೀನನ್ನು ಎತ್ತಿ ಹಿಡಿದು ಬೇಟೆಯಾಡಿದವರ ಮುಖ ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ‘ಅಬ್ಬಾ, ಎಷ್ಟು ದೊಡ್ಡದು ಸಾರ್’ ಎಂದು ನಾನೂ ಅನ್ನುತ್ತೇನೆ.

ಕಳೆದುಹೋದದ್ದು ಇದು. ಹೊಳೆ ಹರಿಯುತ್ತಲೇ ಇದೆ. ಆದರೆ ಹನ್ನೊಂದನೆಯ ವಯಸ್ಸಿನಲ್ಲಿ ನನ್ನೊಳಗಿದ್ದ ಆ ತಾತ್ಸಾರ, ಯಾರ ಮುಲಾಜೂ ಇಲ್ಲದೆ ಸುಳ್ಳನ್ನು ಸುಳ್ಳೆಂದು ಕಂಡು ಹೇಸುತ್ತಿದ್ದ ಆ ಕಣ್ಣು ಎಲ್ಲೋ ಹೋಯಿತು. ದೊಡ್ಡಪ್ಪ ಈಗ ರವೀಂದ್ರನಗರದಲ್ಲಿ, ಆಗ ಬೆಂಗಳೂರಿನಲ್ಲಿ ಓದುತ್ತಿದ್ದ ಮಗನ ಮನೆಯಲ್ಲಿದ್ದಾರೆ. ಕಣ್ಣಿಗೆ ಪೊರೆ ಬಂದಿದೆ. ಮೊನ್ನೆ ಮೀನು ಸಾರು ಮಾಡಿಕೊಂಡು ಹೋಗಿದ್ದೆ. “ಮುಳ್ಳು ಕಾಣಲ್ಲ ಕಣಮ್ಮ, ಬಿಡಿಸಿ ಕೊಡ್ತೀಯಾ?” ಅಂದರು. ಕೊಡ್ತೀಯಾ ಅಂದರು. ನಾನು ಅವರ ತಟ್ಟೆಯ ಪಕ್ಕ ಕೂತು, ಒಂದೊಂದೇ ಮುಳ್ಳು ತೆಗೆದು, ತುತ್ತು ಮಾಡಿ ಇಟ್ಟೆ.